ಟೇಪ್ ರೆಕಾರ್ಡರ್‌ಗೆ ಸಿಂಥೆಸಿಸ್ ಅನ್ನಬೇಡಿ ಸ್ವಾಮಿ

"ಕಂಪ್ಯೂಟರಿನಲ್ಲಿ ಪೈಪ್ ಆರ್ಗನ್ ಬೇಕಾ? ಹೌಪ್ಟ್‌ವೆರ್ಕ್ ಹಾಕ್ಕೊಳ್ಳಿ, ಉಳಿದಿದ್ದೆಲ್ಲ ಆಟಿಕೆ." ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕನ್ನಡದಲ್ಲಿ ಇದರ ಬಗ್ಗೆ ಬರೆದರೆ ಓದೋರು ನಾಲ್ಕು ಜನ ಇರಬಹುದು. ಇರಲಿ, ಬರೆದೇ ಬಿಡ್ತೀನಿ.

2002ರಲ್ಲಿ ಬಂದ ಈ ಹೌಪ್ಟ್‌ವೆರ್ಕ್ ಮಾಡೋದಿಷ್ಟೇ. ಯಾವುದೋ ಚರ್ಚಿನ ಆರ್ಗನ್‌ನ ಒಂದೊಂದೇ ಕೊಳವೆ ನುಡಿಸಿ ರೆಕಾರ್ಡ್ ಮಾಡಿಟ್ಟದ್ದನ್ನು, ನಾವು ಕೀ ಒತ್ತಿದಾಗ ವಾಪಸ್ ಕೇಳಿಸುತ್ತೆ. ಕೇಳೋಕೆ ಅದ್ಭುತ, ತಕರಾರಿಲ್ಲ. ಗಿಗಾಬೈಟುಗಟ್ಟಲೆ ಮೆಮರಿ ತಿನ್ನುತ್ತೆ, ತಿನ್ನಲಿ. ಆದ್ರೆ ಅದು ಬಹಳ ಚೆನ್ನಾಗಿರೋ ಟೇಪ್ ರೆಕಾರ್ಡರ್, ಅಷ್ಟೇ.

ಸಿಂಥೆಸಿಸ್ ಅಂದ್ರೆ ಫಾನ್ಸ್ ಆಡ್ರಿಯಾನ್ಸೆನ್ ಬರೆದ ಏಯೊಲಸ್. ಲಿನಕ್ಸ್‌ನಲ್ಲಿ ಓಡುತ್ತೆ, ಜಿಪಿಎಲ್, ಒಂದೇ ಒಂದು ಸ್ಯಾಂಪಲ್ ಇಲ್ಲ. ಪ್ರತಿ ಸ್ಟಾಪ್‌ಗೂ ಯಾವ ಹಾರ್ಮೋನಿಕ್ ಎಷ್ಟು ಜೋರು, ಎಷ್ಟು ನಿಧಾನವಾಗಿ ಎದ್ದು ಬರಬೇಕು ಅನ್ನೋ ಅಂಕಿಗಳು. ತೆರೆದು ನೀವೇ ತಿದ್ದಬಹುದು. ತುದಿ ಮುಚ್ಚಿದ ಕೊಳವೆ 8 ಅಡಿಯ ಸ್ವರವನ್ನು 4 ಅಡಿಯಲ್ಲೇ ಕೊಡುತ್ತೆ, ಬೆಸ ಹಾರ್ಮೋನಿಕ್‌ಗಳೇ ಜೋರಾಗಿರೋದರಿಂದ ದನಿ ಟೊಳ್ಳಾಗಿರುತ್ತೆ. ಏಯೊಲಸ್‌ನಲ್ಲಿ ಸಮ ಹಾರ್ಮೋನಿಕ್‌ಗಳನ್ನು ಇಳಿಸಿ ನೋಡಿ, ಆ ಟೊಳ್ಳು ಕಿವಿಗೇ ಬರುತ್ತೆ. ಫೂರಿಯೆ ಸರಣಿ ಉರು ಹೊಡೆದು ಪಾಸಾದ ನಮ್ಮಂಥ ಇಂಜಿನಿಯರುಗಳಿಗೆ ಇದಕ್ಕಿಂತ ಒಳ್ಳೆ ಮೇಷ್ಟ್ರು ಬೇಕಾ?

"ಕೃತಕವಾಗಿ ಕೇಳಿಸುತ್ತೆ" ಅಂತಾರೆ. ನಿಜ, ಅದರ ರೀಡ್ ಸ್ಟಾಪುಗಳು ನನಗೂ ಹಿಡಿಸಿಲ್ಲ. ಆದ್ರೆ ಒಂದು ವಿಷ್ಯ ಹೇಳಿ. ಅಸಲಿ ಆರ್ಗನ್‌ನಲ್ಲಿ ಕೊಳವೆಗಳು ಗಾಳಿಯನ್ನು ಹಂಚಿಕೊಂಡು ಬದುಕ್ತವೆ. ಹತ್ತೂ ಬೆರಳು ಊರಿದ್ರೆ ಒತ್ತಡ ಕುಸಿದು ಶ್ರುತಿ ಕೂದಲೆಳೆಯಷ್ಟು ಇಳಿಯುತ್ತೆ. ಒಂದೊಂದಾಗಿ ರೆಕಾರ್ಡ್ ಮಾಡಿದ ಕೊಳವೆಗೆ ಪಕ್ಕದ್ದರ ಸುದ್ದಿಯೇ ಗೊತ್ತಿರಲ್ಲ. ಆಗ ಹೌಪ್ಟ್‌ವೆರ್ಕ್‌ನವರು ಮಾಡಿದ್ದೇನು? ಗಾಳಿಗೆ ಗಣಿತದ ಮಾಡೆಲ್ ಬರೆದು ಸೇರಿಸಿದ್ರು! ಲೆಕ್ಕ ಹಾಕೋದು ಆಟಿಕೆಯಾದ್ರೆ ಇದೇನು? 2019ರಲ್ಲಿ ಮೊಡಾರ್ಟ್ ಕಂಪನಿ ತಂದ ಆರ್ಗನ್‌ಟೆಕ್ ಅಂತೂ ಕೊಳವೆಯ ಭೌತಶಾಸ್ತ್ರವನ್ನೇ ಲೆಕ್ಕ ಹಾಕುತ್ತೆ.

2020ರ ಜುಲೈನಲ್ಲಿ ಫ್ರಾನ್ಸಿನ ನಾಂಟ್ ಕೆಥೆಡ್ರಲ್‌ನ ದೊಡ್ಡ ಆರ್ಗನ್ ಬೆಂಕಿಗೆ ಹೋಯ್ತು. ಅಂಥ ವಾದ್ಯದ ರೆಕಾರ್ಡಿಂಗ್ ಇದ್ರೆ ಉಳಿಯೋದು ಆ ದಿನ, ಆ ಮೈಕಿಗೆ ಸಿಕ್ಕ ದನಿ. ಅದು ಯಾಕೆ ಹಾಗೆ ನುಡೀತಿತ್ತು ಅನ್ನೋದು ರೆಕಾರ್ಡಿಂಗ್‌ನಲ್ಲಿ ಇರಲ್ಲ. ಸಾಲದ್ದಕ್ಕೆ ಎಷ್ಟೋ ಸ್ಯಾಂಪಲ್ ಸೆಟ್‌ಗಳಿಗೆ ಎನ್‌ಕ್ರಿಪ್ಶನ್ ಬೀಗ. ಮಾರಿದವರು ಅಂಗಡಿ ಮುಚ್ಚಿದ ದಿನ ಕೀಲಿ ಯಾರ ಹತ್ರ ಕೇಳ್ತೀರಾ?

ಡೆಬಿಯನ್ ಇದ್ದವರು ಏಯೊಲಸ್ ಹಾಕ್ಕೊಳ್ಳಿ, ದುಡ್ಡಿಲ್ಲ ಕಾಸಿಲ್ಲ. ಒಂದು ಸ್ಟಾಪ್ ಬಿಚ್ಚಿ ಕೆಡಿಸಿ ನೋಡಿ, ಆಮೇಲೆ ಬೈಯೋರಂತೆ.