ಒಂದು ಎಲೆಯ ತೂಕ 5 ಎಂಬಿ

ಮಾನ್ಯರೇ,

ಪ್ರೌಢಶಾಲೆ ಮಕ್ಕಳ ಆನ್‌ಲೈನ್ ಕೋರ್ಸುಗಳನ್ನು ತಯಾರಿಸುವ ತಂಡಕ್ಕೆ ತಾವು ಮುಖ್ಯಸ್ಥರು. ನಾನು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ನೆಟ್‌ವರ್ಕ್ ಇಲ್ಲವೆಂದು ದೂರಲು ಬರೆಯುತ್ತಿಲ್ಲ. ಆ ದೂರು ಬೇರೆ ಕಚೇರಿಗೆ ಹೋಗಿ ವರ್ಷಗಳಾದವು.

ಮೊನ್ನೆ ದ್ಯುತಿಸಂಶ್ಲೇಷಣೆಯ ಪಾಠ ಹಾಕಿದಿರಿ. ಸೂಕ್ಷ್ಮದರ್ಶಕದಲ್ಲಿ ಕಂಡ ಎಲೆಯ ಅಡ್ಡಸೀಳಿಕೆ, ಫೋಟೊ ಚೆನ್ನಾಗಿದೆ. 4000 ಪಿಕ್ಸೆಲ್ ಅಗಲ, 3000 ಎತ್ತರ, ತೂಕ ಹತ್ತಿರಹತ್ತಿರ 5 ಎಂಬಿ. ನಮ್ಮ ಮಕ್ಕಳ ಮೊಬೈಲ್ ಪರದೆಯ ಅಗಲ 720. ಅಂದರೆ 1.2 ಕೋಟಿ ಚುಕ್ಕಿಗಳನ್ನು ಗುಡ್ಡ ಹತ್ತಿಸಿ ತರಿಸಿಕೊಂಡು, ಮೊಬೈಲು ಬಹುಪಾಲನ್ನು ಎಸೆದುಬಿಡುತ್ತದೆ. ಹುಡುಗಿಯೊಬ್ಬಳು ಕೊಡೆ ಹಿಡಿದು ನೀರಿನ ಟ್ಯಾಂಕಿನ ಪಕ್ಕ ನಿಂತು ಕಾದಳು. ಮೇಲಿನಿಂದ ಅರ್ಧ ಎಲೆ ಇಳಿಯಿತು. ಅಷ್ಟರಲ್ಲಿ ಕರೆಂಟು ಹೋಯಿತು, ಟವರೂ ಮಲಗಿತು.

ಅದೇ ಫೋಟೊವನ್ನು 1280 ಅಗಲಕ್ಕೆ ಇಳಿಸಿ, ಜೆಪೆಗ್ ಗುಣಮಟ್ಟ 75ಕ್ಕಿಟ್ಟು ಉಳಿಸಿದೆ. 190 ಕೆಬಿ ಆಯಿತು. ಹಿಡಿದದ್ದು ಒಂದು ನಿಮಿಷ. ನಿಮ್ಮಲ್ಲಿ ಯಾರಾದರೂ ಒಬ್ಬರು ಒಮ್ಮೆ ಮಾಡಿದ್ದರೆ ಸಾಕಿತ್ತು.

ವಿಡಿಯೊ ಕಥೆಯೂ ಅದೇ. ಸೆಕೆಂಡಿಗೆ 5 ಮೆಗಾಬಿಟ್‌ನಂತೆ 20 ನಿಮಿಷದ ಪಾಠ 750 ಎಂಬಿ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ಅರ್ಧ ಅಲ್ಲಿಗೇ ಮುಗಿಯಿತು. ಉಳಿದರ್ಧದಲ್ಲಿ ಅಪ್ಪ ಅಡಿಕೆ ಧಾರಣೆ ನೋಡಬೇಕು. ಅಷ್ಟಕ್ಕೂ ಪರದೆಯ ಮೇಲೆ ಒಂದೇ ಸ್ಲೈಡು ನಾಲ್ಕು ನಿಮಿಷ ಅಲುಗದೆ ನಿಂತಿರುತ್ತದೆ. ಅದಕ್ಕೆ 480ಪಿ, ಅರ್ಧ ಮೆಗಾಬಿಟ್ ಧಾರಾಳವಾಯಿತು: 75 ಎಂಬಿ. ಬರೀ ದನಿಯನ್ನು 32 ಕಿಲೊಬಿಟ್‌ನಲ್ಲಿ ಬೇರೆ ಫೈಲಾಗಿ ಕೊಟ್ಟರೆ ಇಡೀ ಪಾಠ 5 ಎಂಬಿಯೊಳಗೆ.

ಆದರೆ ಹಗುರ ಮಾಡಿ ಎಂದ ಕೂಡಲೇ ಎಲ್ಲವನ್ನೂ ಒಂದೇ ಒರಳಿಗೆ ಹಾಕಿ ಕುಟ್ಟಬೇಡಿ. ಹಿಂದಿನ ಘಟಕದಲ್ಲಿ ಹಾಗೇ ಆಗಿತ್ತು, ಅಕ್ಷರವಿದ್ದ ಗೆರೆಚಿತ್ರವನ್ನೂ ಜೆಪೆಗ್ ಮಾಡಿದ್ದಿರಿ. ಜೆಪೆಗ್ ಚಿತ್ರವನ್ನು 8×8 ಚುಕ್ಕಿಯ ಚೌಕಗಳಾಗಿ ಒಡೆದು ಹಿಂಡುತ್ತದೆ. ಫೋಟೊಗೆ ಅದು ಒಗ್ಗುತ್ತದೆ, ಅಕ್ಷರದ ಚೂಪು ಅಂಚಿಗೆ ಒಗ್ಗುವುದಿಲ್ಲ. ಅದರಲ್ಲೂ ನಮ್ಮ ಒತ್ತಕ್ಷರವೇ ಮೊದಲು ಕರಗುವುದು. ‘ಪತ್ರಹರಿತ್ತು’ ಎಂಬುದನ್ನು ಅರ್ಧ ತರಗತಿ ‘ಪತ್ತಹರಿತ್ತು’ ಎಂದು ಬರೆದುಕೊಂಡು ಬಂದಿತ್ತು. ಕೆಂಪು ಶಾಯಿಯಲ್ಲಿ ಯಾರ ತಪ್ಪೆಂದು ತಿದ್ದಲಿ? ಗೆರೆಚಿತ್ರಗಳನ್ನು ಪಿಎನ್‌ಜಿ ಇಲ್ಲವೇ ಎಸ್‌ವಿಜಿಯಲ್ಲಿ ಕೊಡಿ. ಪಠ್ಯವನ್ನಂತೂ ಚಿತ್ರ ಮಾಡಲೇಬೇಡಿ, ಯೂನಿಕೋಡಿನಲ್ಲಿ ಟೈಪಿಸಿ. ಪುಟಕ್ಕೆ ಕೆಲವೇ ಕೆಬಿ ಆಗುತ್ತದೆ, ಕಣ್ಣು ಕಾಣದ ಹುಡುಗನಿಗೆ ಮೊಬೈಲೇ ಓದಿ ಹೇಳುತ್ತದೆ. ಚಿತ್ರದೊಳಗೆ ಕೂತ ಅಕ್ಷರ ಅವನ ಪಾಲಿಗೆ ಬರೀ ‘ಇಮೇಜ್’.

ಎಲೆಯ ಚಿತ್ರದ ಎರಡೂ ಪ್ರತಿಗಳನ್ನು, ಹೋಲಿಸಿ ನೋಡಲೆಂದು, ತಮ್ಮ ಕಚೇರಿಗೆ ಮೇಲ್ ಮಾಡಿದ್ದೇನೆ. ಚಿಕ್ಕದು ಇಲ್ಲಿಂದಲೇ ಹೋಯಿತು. ದೊಡ್ಡದನ್ನು ಶಿವಮೊಗ್ಗಕ್ಕೆ ಹೋದಾಗ ಕಳಿಸಿದೆ.

ಇತಿ,
ಒಬ್ಬ ವಿಜ್ಞಾನ ಶಿಕ್ಷಕಿ