ಬೆಕ್ಕಿನ ತಳಿಯೂ ಲೆಕ್ಕದ ಪುಸ್ತಕವೂ

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಹಳ್ಳಿಕಾರ್ ಹೋರಿಯನ್ನು ಕೊಳ್ಳಬಂದ ರೈತನು ಅದರ ಸುಳಿಯನ್ನು ನೋಡುವನು. ಬಣ್ಣವನ್ನೂ ಕೊಂಬನ್ನೂ ಮೆಚ್ಚುವನು. ಆದರೆ ಹಣವನ್ನು ಎಣಿಸುವ ಮೊದಲು ಅದನ್ನು ನಾಲ್ಕು ಹೆಜ್ಜೆ ನಡೆಸಿ, ಗೊರಸನ್ನು ಪರೀಕ್ಷಿಸಿ, ಬಾಯಿ ತೆರೆಸಿ ಹಲ್ಲು ನೋಡದೆ ಬಿಡನು. ಸುಳಿಯ ಫಲ ನಂಬಿಕೆಯ ಮಾತು. ಗೊರಸಿನ ಗಟ್ಟಿತನ ದುಡಿಮೆಯ ಮಾತು. ಉಳಲಾರದ ಹೋರಿ ಎಷ್ಟು ಚೆಲುವಾಗಿದ್ದರೂ ತಳಿಗೆ ಸಲ್ಲದು. ಹಳ್ಳಿಕಾರ್ ತಳಿ ಗಟ್ಟಿಮುಟ್ಟಾಗಿ ಉಳಿದುಬಂದುದಕ್ಕೆ ಈ ವಿವೇಕವೂ ಒಂದು ಮುಖ್ಯ ಕಾರಣವೆಂದು ನಾವು ತಿಳಿಯುತ್ತೇವೆ.

ಮನೆಯಲ್ಲಿ ತಳಿಬೆಕ್ಕುಗಳನ್ನು ಬೆಳೆಸುವವರಿಗೂ ಇದೇ ವಿವೇಕ ಬೇಕೆಂಬುದು ನಮ್ಮ ವಾದ. ಇಲಿ ಹಿಡಿದು ಬದುಕುವ ನಾಡಬೆಕ್ಕನ್ನು ಪ್ರಕೃತಿಯೇ ಆರಿಸುತ್ತ ಬಂದಿದೆ. ಪರ್ಷಿಯನ್, ಸಯಾಮಿ ಮೊದಲಾದ ತಳಿಗಳನ್ನು ಆರಿಸುವವನು ಮನುಷ್ಯ. 1871ರಲ್ಲಿ ಹ್ಯಾರಿಸನ್ ವಿಯರ್ ಎಂಬವರು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನಲ್ಲಿ ಬೆಕ್ಕುಗಳ ಪ್ರದರ್ಶನವನ್ನು ಏರ್ಪಡಿಸಿದರು. ಅದರ ತರುವಾಯ ಒಂದೊಂದು ತಳಿಗೂ ಇಂತಿಂಥ ಲಕ್ಷಣವೆಂದು ಗೊತ್ತುಮಾಡಿ ವಂಶಾವಳಿಯನ್ನು ಬರೆದಿಡುವ ಪದ್ಧತಿ ಬೆಳೆಯಿತು. ಆ ಲಕ್ಷಣಗಳಾದರೂ ಎಂಥವು? ಮುಖದ ಆಕಾರ, ತುಪ್ಪಳದ ಉದ್ದ, ಕಣ್ಣಿನ ಬಣ್ಣ. ಸುಳಿಗೆ ಬೆಲೆ ಕಟ್ಟಿದರು. ಗೊರಸನ್ನು ಕೇಳುವವರು ಕಡಮೆಯಾದರು.

ಇದರ ಫಲವನ್ನು ಪರ್ಷಿಯನ್ ಬೆಕ್ಕು ಉಂಡಿದೆ. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ತುಂಬುವ ಒಂದು ಆನುವಂಶಿಕ ರೋಗ ಅದಕ್ಕುಂಟು. ಎಳೆತನದಲ್ಲೇ ತೊಡಗುವ ಈ ಗುಳ್ಳೆಗಳು ಮೆಲ್ಲಮೆಲ್ಲನೆ ಹಿಗ್ಗುತ್ತವೆ. ರೋಗದ ಚಿಹ್ನೆ ಹೊರಗೆ ತೋರುವ ವೇಳೆಗೆ ಬೆಕ್ಕಿಗೆ ಸಾಮಾನ್ಯವಾಗಿ ಏಳೆಂಟು ವರ್ಷ ಕಳೆದಿರುತ್ತದೆ. ಅಷ್ಟರೊಳಗೆ ಅದು ಹತ್ತಾರು ಮರಿಗಳಿಗೆ ತಾಯಿಯೋ ತಂದೆಯೋ ಆಗಿರಬಹುದು. ಕಾರಣವಾದ ವಂಶವಾಹಿಯ ದೋಷ 2004ರಲ್ಲಿ ಬೆಳಕಿಗೆ ಬಂದಿತು. ಅದು ಪ್ರಬಲ ಗುಣ. ತಾಯಿತಂದೆಗಳಲ್ಲಿ ಒಂದಕ್ಕೆ ಮಾತ್ರ ಇದ್ದರೂ ಪ್ರತಿಯೊಂದು ಮರಿಗೂ ಅದು ದಾಟುವ ಸಂಭವ ಎರಡರಲ್ಲಿ ಒಂದು. ಮೆಂಡೆಲನ ಬಟಾಣಿಯ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ. ಅದಕ್ಕೆ ಹಿಂದಿನ ಕಾಲದ ಸಮೀಕ್ಷೆಗಳಲ್ಲಿ, ಹಲವು ದೇಶಗಳ ಪರ್ಷಿಯನ್ ಬೆಕ್ಕುಗಳ ಪೈಕಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ಈ ರೋಗಕ್ಕೆ ಒಳಗಾಗಿದ್ದುವು. ಈಗ ಕೆನ್ನೆಯ ಒಳಬದಿಯನ್ನು ಹತ್ತಿಯಿಂದ ಒರೆಸಿ ತೆಗೆದ ಜೀವಕೋಶಗಳಲ್ಲೇ ದೋಷವನ್ನು ಪತ್ತೆಹಚ್ಚಬಹುದು. ಇನ್ನು ಕಿವಿ ಮಡಿಚಿದ ಸ್ಕಾಟಿಷ್ ತಳಿಯಲ್ಲಂತೂ ನಾವು ಮುದ್ದೆಂದು ಕರೆಯುವ ಮಡಿಕೆಯೇ ರೋಗದ ಗುರುತು. ಕಿವಿಯ ಮೃದ್ವಸ್ಥಿಯನ್ನು ಕೆಡಿಸುವ ವಂಶವಾಹಿಯೇ ಕಾಲಿನ ಕೀಲುಗಳನ್ನೂ ಕೆಡಿಸುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟವೆಂಬ ಗಾದೆಯಲ್ಲಿ ಇಲಿಯ ಸ್ಥಾನಕ್ಕೆ ಇಲ್ಲಿ ಬೆಕ್ಕೇ ಬಂದಿದೆ.

ಹಾಗಾದರೆ ಮನೆಯಲ್ಲಿ ತಳಿ ಬೆಳೆಸುವವರ ದಿನದಿನದ ಕೆಲಸವೇನು? ಬೆಕ್ಕಿನ ಗಬ್ಬದ ಅವಧಿ ಸುಮಾರು ಒಂಬತ್ತು ವಾರ. ಹುಟ್ಟಿದ ಮರಿ ನೂರು ಗ್ರಾಂ ಆಸುಪಾಸು ತೂಗುತ್ತದೆ. ದಿನಕ್ಕೆ ಹತ್ತು ಹದಿನೈದು ಗ್ರಾಂ ಏರಬೇಕು. ದಿನವೂ ಒಂದೇ ಹೊತ್ತಿಗೆ ತೂಗಿದರೆ, ಬೇರೆ ಚಿಹ್ನೆಗಳು ಕಾಣುವ ಮೊದಲೇ ಅಪಾಯದ ಸುದ್ದಿ ತಕ್ಕಡಿಯಿಂದ ತಿಳಿಯುತ್ತದೆ. ಮೊದಲ ವಾರಗಳಲ್ಲಿ ಮರಿ ತನ್ನ ಮೈಶಾಖವನ್ನು ತಾನೇ ಕಾಪಾಡಿಕೊಳ್ಳಲಾರದು. ಬೆಚ್ಚನೆಯ ಮೂಲೆಯೊಂದು ಬೇಕು. ತಾಯಿಗೆ ಹಾಲನ್ನವನ್ನೋ ಮೊಸರನ್ನವನ್ನೋ ಹಾಕಿದರೆ ಸಾಲದು. ಟಾರೀನ್ ಎಂಬ ಪದಾರ್ಥವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಲಾರದು. ಮಾಂಸ, ಮೀನು ಅಥವಾ ಅದನ್ನು ಬೆರೆಸಿದ ಸಿದ್ಧ ಆಹಾರದಿಂದ ಅದು ಒದಗಬೇಕು. ಅದರ ಕೊರತೆಯಿಂದ ಅಕ್ಷಿಪಟ ಕೆಡುವುದೆಂದು 1975ರಲ್ಲಿಯೂ, ಹೃದಯ ಬಲಗುಂದುವುದೆಂದು 1987ರಲ್ಲಿಯೂ ತಿಳಿದುಬಂದಿತು. ಆರೆಂಟು ವಾರಗಳ ವಯಸ್ಸಿನಿಂದ ಲಸಿಕೆಗಳು ಆರಂಭವಾಗಬೇಕು. ಹನ್ನೆರಡು ವಾರ ತುಂಬುವ ತನಕ ಮರಿಯನ್ನು ತಾಯಿಯಿಂದ ಅಗಲಿಸದಿರುವುದು ಲೇಸು.

ಇದೆಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕೆಂದು ನಾವು ಒತ್ತಿ ಹೇಳುತ್ತೇವೆ. ವಂಶಾವಳಿಯ ಪತ್ರದಲ್ಲಿ ಬಹುಮಾನ ಗೆದ್ದ ಅಜ್ಜನ ಹೆಸರಿರುತ್ತದೆ. ಹುಟ್ಟಿದ ಮೂರನೆಯ ದಿನ ಸತ್ತ ಮರಿಯ ಸುದ್ದಿ ಇರುವುದಿಲ್ಲ. ತಳಿಯ ಮುಂದಿನ ಗತಿಯನ್ನು ಅರಿಯಲು ಹೆಚ್ಚಾಗಿ ಬೇಕಾದುದು ಆ ಸುದ್ದಿಯೇ. ಸಣ್ಣ ಊರುಗಳಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಅದೇ ತಳಿಯ ಬೇರೊಂದು ಗಂಡುಬೆಕ್ಕು ಹತ್ತಿರದಲ್ಲಿ ಸಿಕ್ಕದಿದ್ದಾಗ ಒಡಹುಟ್ಟಿದವನ್ನೇ ಕೂಡಿಸುವ ಆಸೆ ಹುಟ್ಟುತ್ತದೆ. ಅಂಥ ಕೂಟದ ಮರಿಯಲ್ಲಿ ಸರಾಸರಿ ನಾಲ್ಕನೆಯ ಒಂದು ಪಾಲು ವಂಶವಾಹಿ ಜೋಡಿಗಳು ಒಂದೇ ಮೂಲದ ಎರಡು ನಕಲುಗಳಾಗಿರುತ್ತವೆ. ತಲೆಮಾರುಗಳಿಂದ ಅಡಗಿ ಕುಳಿತಿದ್ದ ದೋಷಗಳು ಹೊರಬೀಳುವುದು ಆಗಲೇ.

ಗುಂಡ್ಲುಪೇಟೆಯವರಿಗೆ ಇನ್ನೊಂದು ಹೊಣೆಯೂ ಉಂಟು. 1973ರಲ್ಲಿ ಹುಲಿಯೋಜನೆಗೆ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾದ ಬಂಡೀಪುರ ಈ ತಾಲ್ಲೂಕಿನ ಅಂಗಳದಲ್ಲೇ ಇದೆ. ಅಲ್ಲಿ ಹುಲಿಯಲ್ಲದೆ ಚಿರತೆಬೆಕ್ಕು, ಕಾಡುಬೆಕ್ಕುಗಳೂ ಬಾಳುತ್ತಿವೆ. ಲಸಿಕೆಯಿಲ್ಲದ ಸಾಕುಬೆಕ್ಕು ಕಾಡಂಚಿನಲ್ಲಿ ಅಲೆದರೆ ಅದರ ವೈರಸ್ ರೋಗಗಳು ಅವಕ್ಕೂ ತಗುಲಬಲ್ಲುವು. ಬೆಂಗಾಲ್ ಎಂಬ ತಳಿ ಅಮೆರಿಕದಲ್ಲಿ ಸಾಕುಬೆಕ್ಕನ್ನೂ ಏಷ್ಯದ ಚಿರತೆಬೆಕ್ಕನ್ನೂ ಸಂಕರಗೊಳಿಸಿದುದರಿಂದ ಬಂದುದು. ಅದನ್ನು ಕೇಳಿ ನಮ್ಮ ಕಾಡಿನ ಮರಿಯನ್ನು ಮನೆಗೆ ತರುವ ಹುಚ್ಚು ಯಾರಿಗೂ ಬಾರದಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. ತಳಿಬೆಕ್ಕು ಮನೆಯೊಳಗೇ ಇರಲಿ. ತಳಿಗೆ ಬೇಡವಾದ ಮರಿಗಳಿಗೆ ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸತಕ್ಕದ್ದು.

ಬಿಡುವಿನ ಹವ್ಯಾಸಕ್ಕೆ ಇಷ್ಟೊಂದು ಕಟ್ಟುನಿಟ್ಟೇಕೆಂದು ಕೆಲವರು ಕೇಳಬಹುದು. ನಾಯಿಗಳ ತಳಿ ಬೆಳೆಸುವವರಿಗಾಗಿ ಕೇಂದ್ರ ಸರ್ಕಾರ 2017ರಲ್ಲಿ ನಿಯಮಗಳನ್ನು ಮಾಡಿತು. ಅವು ನಾಯಿಗಳಿಗೆ ಮಾತ್ರ ಅನ್ವಯಿಸುವುವು. ಬೆಕ್ಕಿನ ಪಾಲಿಗೆ ಸಾಕುವವರ ಮನಸ್ಸಾಕ್ಷಿಯೇ ದೊಡ್ಡ ಕಾವಲು. ಹವ್ಯಾಸ ನಮ್ಮದು, ಸರಿ. ಕೀಲುನೋವು ಮಾತ್ರ ಬೆಕ್ಕಿನದು.

ಆದುದರಿಂದ ವಿದ್ಯಾರ್ಥಿಮಿತ್ರರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಗೆ ತಳಿಬೆಕ್ಕಿನ ಮರಿಯನ್ನು ತರುವ ಮಾತು ಬಂದಾಗ, ಮಾರುವವರಲ್ಲಿ ಅದರ ಬಣ್ಣದ ವಿಚಾರವನ್ನು ಆಮೇಲೆ ಕೇಳಿರಿ. ತಾಯಿತಂದೆಗಳ ಮೂತ್ರಪಿಂಡದ ಪರೀಕ್ಷೆಯಾಗಿದೆಯೇ, ಅವೆರಡರ ನಡುವಣ ರಕ್ತಸಂಬಂಧವೇನು, ಇದರ ಜೊತೆಗೆ ಹುಟ್ಟಿದ ಮರಿಗಳೆಷ್ಟು, ಉಳಿದುವೆಷ್ಟು ಎಂಬುದನ್ನು ಮೊದಲು ಕೇಳಿರಿ. ಪುಸ್ತಕವನ್ನು ತೆರೆದು ತೋರಿಸಿದವರಿಂದ ಮರಿಯನ್ನು ಕೊಳ್ಳಬಹುದು. ತೋರಿಸಲು ಪುಸ್ತಕವೇ ಇಲ್ಲವೆಂದರೆ ಬರಿಗೈಯಲ್ಲಿ ಹಿಂದಿರುಗಿರಿ. ದಾರಿಯಲ್ಲಿ ಅನಾಥವಾಗಿ ಕೂಗುವ ನಾಡಬೆಕ್ಕಿನ ಮರಿಯೊಂದು ಸಿಕ್ಕಿದರೆ ಅದಕ್ಕೆ ಮನೆಯಲ್ಲಿ ಜಾಗ ಕೊಡಿರಿ.