ಕೊಡುವ ಕೈ, ನಡೆಸುವ ಕೈ

ಗ್ರಾಮೋದ್ಧಾರವೆಂಬ ಮಾತು ನಮ್ಮಲ್ಲಿ ಹಳೆಯದು. ಅದನ್ನು ಆಡದ ಮುಂದಾಳು ಇಲ್ಲ. ಅದರ ಮೇಲೆ ನಿಬಂಧ ಬರೆಯದ ವಿದ್ಯಾರ್ಥಿಯೂ ಇಲ್ಲವೆನ್ನಬಹುದು. ಆದರೆ ಆ ಮಾತಿನ ಒಳಗೇ ಒಂದು ತೊಡಕು ಅಡಗಿದೆ. ಉದ್ಧಾರವೆಂದೊಡನೆ ಮೇಲೆ ನಿಂತು ಕೈನೀಡುವವನೊಬ್ಬ, ಕೆಳಗೆ ಕುಳಿತು ಕೈಯೊಡ್ಡುವವನೊಬ್ಬ ಎಂಬ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಹಳ್ಳಿ ತಾನಾಗಿ ಎದ್ದು ನಿಲ್ಲುವುದು ಬೇರೆ, ಹಳ್ಳಿಯನ್ನು ಹಿಡಿದೆತ್ತಿ ನಿಲ್ಲಿಸುವುದು ಬೇರೆ. ಈ ಎರಡರ ನಡುವಣ ಅಂತರ ಬರಿಯ ಮಾತಿನ ಅಂತರವಲ್ಲ. ಕೋಟಿಗಟ್ಟಲೆ ಹಣವೂ ಸಾವಿರಾರು ಕುಟುಂಬಗಳ ಬಾಳೂ ಅದನ್ನು ಅವಲಂಬಿಸಿವೆ. ಬೇಡಕಿಹಾಳದ ಸೀಮೆಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ವಿಚಾರಿಸಬೇಕೆಂದು ನನ್ನ ಉದ್ದೇಶ.

ಬೇಡಕಿಹಾಳ ಬೆಳಗಾವಿ ಜಿಲ್ಲೆಯ ಗಡಿನಾಡಿನ ಊರು. ಮೊದಲು ಚಿಕ್ಕೋಡಿ ತಾಲೂಕಿನಲ್ಲಿತ್ತು. ಈಗ ನಿಪ್ಪಾಣಿ ತಾಲೂಕಿಗೆ ಸೇರಿದೆ. ದೂಧಗಂಗೆ ವೇದಗಂಗೆಗಳು ಭೋಜದ ಬಳಿ ಕೂಡಿ ಮುಂದೆ ಕೃಷ್ಣೆಯತ್ತ ಸಾಗುವ ಬಯಲು ಇದು. ಕಬ್ಬು, ಹೊಗೆಸೊಪ್ಪುಗಳ ನೆಲ; ಕನ್ನಡ ಮರಾಠಿಗಳೆರಡೂ ಒಂದೇ ಓಣಿಯಲ್ಲಿ ಕೇಳಿಬರುವ ನೆಲ. 1956ರ ನವೆಂಬರ್ 1ರವರೆಗೆ ಇದು ಮುಂಬಯಿ ರಾಜ್ಯಕ್ಕೆ ಸೇರಿತ್ತು. ಬೆಳಗಾವಿಗಿಂತ ಕೊಲ್ಲಾಪುರವೇ ಇದಕ್ಕೆ ಹತ್ತಿರ. ಬೆಂಗಳೂರಂತೂ ಐದುನೂರು ಕಿಲೋಮೀಟರಿಗೂ ಆಚೆ. ದಾರಿಯೇ ಇಲ್ಲದ ಬೆಟ್ಟಗಾಡಿನ ಹಳ್ಳಿಯಂತೆ ಇದು ದುರ್ಗಮವಲ್ಲ. ಆದರೆ ದೂರವೆಂಬುದನ್ನು ಮೈಲುಗಲ್ಲುಗಳಿಂದಷ್ಟೇ ಅಳೆಯಲು ಬಾರದು. ತನ್ನ ವಿಷಯದ ನಿರ್ಣಯ ಎಲ್ಲಿ ಆಗುತ್ತದೆಯೋ ಆ ಮೇಜಿನಿಂದ ಊರು ಎಷ್ಟು ದೂರವಿದೆಯೆಂಬುದೇ ನಿಜವಾದ ಅಳತೆ.

ಸ್ವತಂತ್ರ ಭಾರತ ಹಳ್ಳಿಯ ಕಡೆಗೆ ಕಣ್ಣು ತಿರುಗಿಸಿದ ಮೊದಲ ದೊಡ್ಡ ಪ್ರಯತ್ನ 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ವಿಕಾಸ ಯೋಜನೆ. ಐವತ್ತೈದು ಕ್ಷೇತ್ರಗಳಲ್ಲಿ ಅದು ಮೊದಲಾಯಿತು. ಗ್ರಾಮಸೇವಕನು ಸೈಕಲ್ಲೇರಿ ಊರಿಗೆ ಬಂದ. ಬಾವಿ, ರಸ್ತೆ, ಶಾಲೆಯ ಕಟ್ಟಡಗಳು ಎದ್ದವು. ಶ್ರಮದಾನವೆಂಬ ಹೊಸ ಮಾತು ನುಡಿಗೆ ಬಂತು. ಕೆಲಸವಾಗಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಆದರೆ ಐದು ವರ್ಷಗಳ ಬಳಿಕ, 1957ರಲ್ಲಿ, ಬಲವಂತರಾಯ ಮೆಹತಾ ಸಮಿತಿ ಪರಿಶೀಲಿಸಿ ಕೊಟ್ಟ ವರದಿಯ ತಿರುಳು ಕಟುವಾಗಿತ್ತು: ಜನರಲ್ಲಿ ಸ್ವಂತ ಹುರುಪನ್ನು ಹುಟ್ಟಿಸುವುದರಲ್ಲಿ ಯೋಜನೆ ಸೋತಿತ್ತು. ಗುರಿಯನ್ನು ಮೇಲಿನವರು ಗೊತ್ತುಮಾಡಿ, ಬುಟ್ಟಿ ಹೊರುವುದನ್ನಷ್ಟೇ ಊರಿಗೆ ಬಿಟ್ಟರೆ ಅದು ಸಹಕಾರವಾಗುವುದಿಲ್ಲ, ಕೂಲಿಯಿಲ್ಲದ ಬಿಟ್ಟಿಯಾಗುತ್ತದೆ. ಚುನಾಯಿತ ಪಂಚಾಯತಿಗಳಿಗೆ ಅಧಿಕಾರವನ್ನೂ ಹಣವನ್ನೂ ವಹಿಸಬೇಕೆಂದು ಸಮಿತಿ ಸೂಚಿಸಿದ್ದು ಈ ಕಾರಣದಿಂದಲೇ.

ಹಾಗಾದರೆ ಹಳ್ಳಿಗೆ ನಡೆಸುವ ಶಕ್ತಿ ಇದೆಯೇ? ಈ ಪ್ರಶ್ನೆಗೆ ನಮ್ಮ ಉತ್ತರ ಕರ್ನಾಟಕದ ಇತಿಹಾಸವೇ ಉತ್ತರ ಕೊಡುತ್ತದೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿದ್ದು 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ. ಅದನ್ನು ಕಟ್ಟಿದವರು ಆ ಊರಿನವರೇ ಆದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಬೇಡಕಿಹಾಳಕ್ಕೆ ಇನ್ನೂ ಹತ್ತಿರದ ಉದಾಹರಣೆ ಹುಕ್ಕೇರಿಯದು. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. ಇಡೀ ದೇಶದಲ್ಲಿ ಪ್ರಯೋಗಾರ್ಥವಾಗಿ ಆರಂಭಿಸಿದ ಇಂಥ ಐದು ಸಂಘಗಳಲ್ಲಿ ಅದೊಂದು. ಅಪ್ಪಣಗೌಡ ಪಾಟೀಲರು ಅದರ ಮುಂದಾಳಾಗಿದ್ದರು. ಈ ಐದು ಸಂಘಗಳ ಯೋಜನೆಯ ಹಿಂದೆ ಅಮೇರಿಕೆಯ ಗ್ರಾಮೀಣ ವಿದ್ಯುತ್ ಸಹಕಾರಿಗಳ ಸಲಹೆಯಿತ್ತು, ಸಾಲ ಕೊಟ್ಟದ್ದು ದಿಲ್ಲಿಯ ನಿಗಮ. ಎಂದರೆ ಬುದ್ಧಿಮಾತು ಹೊರಗಿನದು, ಹಣ ಹೊರಗಿನದು. ಆದರೆ ಸದಸ್ಯರು, ಆಡಳಿತ ಮಂಡಳಿ, ಬಿಲ್ಲಿನ ವಸೂಲಿ ಎಲ್ಲವೂ ತಾಲೂಕಿನವು. ಹೊರಗಿನ ನೆರವು ಬೇಡವೆಂಬುದು ನನ್ನ ವಾದವಲ್ಲವೆಂದು ಇದರಿಂದ ಸ್ಪಷ್ಟವಾಗಬೇಕು. ನೆರವು ಬಂದಾಗ ನೊಗ ಯಾರ ಹೆಗಲಿಗೆ, ಹಗ್ಗ ಯಾರ ಕೈಗೆ ಎಂಬುದನ್ನಷ್ಟೇ ನಾನು ಕೇಳುತ್ತಿದ್ದೇನೆ.

ಈ ಪ್ರಶ್ನೆ ನಮ್ಮದಷ್ಟೇ ಅಲ್ಲ. ಕೆರಿಬಿಯನ್ ಸಮುದ್ರದ ಹೈಟಿ ದೇಶದ ಹಳ್ಳಿಗಳ ಕಥೆ ಇದನ್ನು ಇನ್ನೂ ನಿಷ್ಠುರವಾಗಿ ತೋರಿಸುತ್ತದೆ. ಅಲ್ಲಿಯ ಬಡ ರೈತನಿಗೆ ಕಪ್ಪು ನಾಡಹಂದಿಯೇ ಬ್ಯಾಂಕು. ಮಗುವಿನ ಶಾಲೆ, ಮನೆಯ ಮದುವೆ, ಸಾವು ಎಲ್ಲಕ್ಕೂ ಅದನ್ನು ಮಾರಿದ ಹಣವೇ ಆಧಾರ. 1980ರ ದಶಕದ ಮೊದಲ ವರ್ಷಗಳಲ್ಲಿ, ಹಂದಿಜ್ವರ ಹಬ್ಬಬಾರದೆಂದು, ಅಮೇರಿಕೆಯೇ ಮೊದಲಾದ ದೇಶಗಳ ನೆರವಿನಿಂದ ಆ ತಳಿಯನ್ನು ಬಹುಮಟ್ಟಿಗೆ ಕೊಂದು ತೀರಿಸಲಾಯಿತು. ಬದಲಿಗೆ ಬಂದ ಅಮೇರಿಕೆಯ ಹಂದಿಗಳಿಗೆ ಸಿಮೆಂಟಿನ ನೆಲ ಬೇಕು, ಕೊಂಡು ತಂದ ಮೇವು ಬೇಕು. ರೈತನ ಮನೆಗೇ ಇಲ್ಲದ ಸೌಕರ್ಯ ಹಂದಿಗೆ ಎಲ್ಲಿಂದ ಬರಬೇಕು? 2010ರ ಜನವರಿ 12ರ ಭೂಕಂಪದಲ್ಲಿ ಲಕ್ಷಕ್ಕೂ ಹೆಚ್ಚು ಜನ ಮಡಿದಾಗ ಜಗತ್ತು ಉದಾರವಾಗಿ ಕೈಬಿಚ್ಚಿತು; ಆದರೆ ತುರ್ತು ಪರಿಹಾರದ ಹಣದಲ್ಲಿ ಆ ದೇಶದ ಸರಕಾರದ ಕೈಸೇರಿದ್ದು ನೂರಕ್ಕೆ ಒಂದರಷ್ಟು. ಉಳಿದದ್ದು ಹೊರಗಿನ ಸಂಸ್ಥೆಗಳ ಮೂಲಕವೇ ಬಂತು, ಅವುಗಳ ಮೂಲಕವೇ ಹೋಯಿತು. ಊರವರು ಸಾಲಿನಲ್ಲಿ ನಿಂತರೇ ಹೊರತು ಸಭೆಯಲ್ಲಿ ಕೂಡಲಿಲ್ಲ.

ಅದೇ ಹೈಟಿಯಲ್ಲಿ ಕೊಂಬಿತ್ ಎಂಬೊಂದು ಪದ್ಧತಿ ಇದೆ. ಇಂದು ನನ್ನ ಹೊಲಕ್ಕೆ ನೀವೆಲ್ಲ, ನಾಳೆ ನಿಮ್ಮ ಹೊಲಕ್ಕೆ ನಾನು ಎಂಬುದು ಅದರ ಅರ್ಥ. ನಮ್ಮ ರೈತರು ಇದನ್ನು ಮುಯ್ಯಾಳು ಎಂದು ಕರೆಯುತ್ತಾರೆ. ಇದಕ್ಕೆ ಹೆಚ್ಚಿನ ವಿವರಣೆ ನಮ್ಮ ಓದುಗರಿಗೆ ಬೇಕಾಗಿಲ್ಲ. 2023ರಲ್ಲಿ ಡೊಮಿನಿಕನ್ ಗಣರಾಜ್ಯದ ಗಡಿಯಲ್ಲಿರುವ ವಾನಾಮಿಂತ್ ಪಟ್ಟಣದ ರೈತರು, ಎರಡು ವರ್ಷಗಳ ಹಿಂದೆ ಅಧ್ಯಕ್ಷರ ಕೊಲೆಯಾದ ಮೇಲೆ ನಿಂತುಹೋಗಿದ್ದ ಕಾಲುವೆಯೊಂದನ್ನು ತಾವೇ ಮುಂದುವರಿಸಿದರು. ಸಿಮೆಂಟು, ಅಡುಗೆ, ದುಡಿಮೆ ಎಲ್ಲವೂ ವಂತಿಗೆಯಿಂದ ಕೂಡಿದವು. ಹೊರನಾಡಿನಲ್ಲಿದ್ದ ಹೈಟಿಯರು ಹಣ ಕಳಿಸಿದರು. ನದಿ ಎರಡೂ ದೇಶಗಳದಾದ್ದರಿಂದ ನೆರೆಯ ದೇಶ ಸಿಟ್ಟಾಗಿ ಸಪ್ಟೆಂಬರಿನಲ್ಲಿ ಗಡಿಯನ್ನೇ ಮುಚ್ಚಿತು. ಆದರೂ ಕೆಲಸ ನಿಲ್ಲಲಿಲ್ಲ. ಗಡಿಯ ನದಿಯೆಂದರೇನೆಂದು ಬಲ್ಲ ದೂಧಗಂಗೆಯ ದಂಡೆಯವರಿಗೆ ಈ ಸುದ್ದಿಯ ಮಹತ್ವವನ್ನು ಬೇರೆಯಾಗಿ ಹೇಳಬೇಕಿಲ್ಲ. ಹೊರಗಿನಿಂದ ಬಂದ ಹಣ ಇಲ್ಲಿಯೂ ಇತ್ತು. ಆದರೆ ಅದು ಊರು ಹಿಡಿದ ಕೆಲಸದ ಹಿಂದೆ ಬಂತು, ಮುಂದೆ ಬರಲಿಲ್ಲ.

ಈಗ ನಮ್ಮ ಕಡೆಗೆ ಮರಳೋಣ. 2009ರ ಸಪ್ಟೆಂಬರ್ ಅಕ್ಟೋಬರ್ ನಡುವಣ ಮಹಾಪೂರ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳನ್ನು ನೆಲಸಮ ಮಾಡಿತು. ದಾನಿಗಳ ನೆರವಿನಿಂದ ಸರಕಾರ ‘ಆಸರೆ’ ಎಂಬ ಹೆಸರಿನಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದು, ಹಣವೂ ಸಣ್ಣದಲ್ಲ. ಆದರೂ ಅನೇಕ ಕಡೆಗಳಲ್ಲಿ ಆ ಮನೆಗಳು ವರ್ಷಗಟ್ಟಲೆ ಖಾಲಿ ಬಿದ್ದವು. ಜನ ಕೊಟ್ಟ ಕಾರಣಗಳು ಸರಳವಾಗಿದ್ದವು: ಹೊಲ ದೂರ, ಮನೆ ಸಣ್ಣದು, ದನ ಕಟ್ಟಲು ಜಾಗವಿಲ್ಲ, ಕಾಳುಕಡಿ ಇಡಲು ಎಡೆಯಿಲ್ಲ. ನಕ್ಷೆ ಬರೆಯುವ ಮೊದಲು ಊರಿನ ನಾಲ್ಕು ಮಂದಿ ಮುದುಕಿಯರನ್ನು ಕೇಳಿದ್ದರೆ ಒಂದು ಗಳಿಗೆಯಲ್ಲಿ ತಿಳಿಯುತ್ತಿದ್ದ ಸಂಗತಿಗಳಿವು. ಒಕ್ಕಲಿಗನ ಮನೆಯೆಂದರೆ ಮನುಷ್ಯರು ಮಲಗುವ ಕೋಣೆಯಷ್ಟೇ ಅಲ್ಲವೆಂಬುದನ್ನು ಕಾಗದದ ಮೇಲಿನ ಮನೆ ಮರೆತಿತ್ತು.

ಹತ್ತು ವರ್ಷಗಳ ಬಳಿಕ, 2019ರ ಆಗಸ್ಟಿನಲ್ಲಿ, ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಚಿಕ್ಕೋಡಿ ನಿಪ್ಪಾಣಿಗಳ ಸೀಮೆಯನ್ನೇ ಮುಳುಗಿಸಿದವು. 2021ರ ಜುಲೈಯಲ್ಲಿ ನೀರು ಮತ್ತೆ ಬಂತು. ಈ ಸಾರಿ ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ರೂಪಾಯಿಗಳನ್ನು ಕಂತುಗಳಲ್ಲಿ ಮನೆಯವರಿಗೇ ಕೊಡುವುದೆಂದು ಸರಕಾರ ಗೊತ್ತುಮಾಡಿತು. ಹಿಂದಿನ ಕ್ರಮಕ್ಕಿಂತ ಇದು ಎಷ್ಟೋ ಮೇಲೆಂದು ಒಪ್ಪಬೇಕು. ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳುವ ಗೌರವ ಅದರಲ್ಲಿದೆ. ಆದರೆ ಮನೆ ಒಬ್ಬನ ಪ್ರಶ್ನೆಯಾದರೆ ನೆಲೆ ಇಡೀ ಊರಿನ ಪ್ರಶ್ನೆ. ಅದೇ ತಗ್ಗಿನಲ್ಲಿ ಮತ್ತೆ ಕಟ್ಟಬೇಕೆ, ದಿಬ್ಬಕ್ಕೆ ಹೋಗಬೇಕೆ, ಹೋದರೆ ಯಾರ ಹೊಲ ಬಿಟ್ಟುಕೊಡಬೇಕು, ಮೊದಲು ಯಾವ ಓಣಿ ಏಳಬೇಕು? ಇವನ್ನು ಒಬ್ಬೊಬ್ಬನ ಬ್ಯಾಂಕಿನ ಖಾತೆ ತೀರ್ಮಾನಿಸಲಾರದು; ದೂರದ ಕಚೇರಿಯೂ ತೀರ್ಮಾನಿಸಬಾರದು. ಊರು ಕೂಡಿ ಮಾತಾಡಿಯೇ ತೀರಬೇಕು.

ಇಲ್ಲಿ ಒಂದು ಬಲವಾದ ಆಕ್ಷೇಪಕ್ಕೆ ಉತ್ತರ ಕೊಡದೆ ಮುಂದುವರಿಯುವಂತಿಲ್ಲ. ‘ಊರು’ ಎಂದರೆ ಯಾರು? 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಡಾಕ್ಟರ್ ಅಂಬೇಡಕರರು ಹಳ್ಳಿಯನ್ನು ಸಂಕುಚಿತತನ, ಅಜ್ಞಾನ, ಜಾತೀಯತೆಗಳ ಬೀಡೆಂದು ಜರೆದರು. ಗ್ರಾಮಸ್ವರಾಜ್ಯದ ಕನಸು ಕಾಣುತ್ತಿದ್ದವರಿಗೆ ಅದು ಕಹಿಯಾಗಿ ತೋರಿತು. ಆದರೆ ಕಹಿಯೆಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ. ಊರಿನ ಹೆಸರಿನಲ್ಲಿ ನಾಲ್ಕು ದೊಡ್ಡ ಮನೆಗಳು ಮಾತಾಡುವುದನ್ನೂ, ಸಹಕಾರಿ ಸಂಘದ ಚುನಾವಣೆ ಮನೆತನಗಳ ಜಟ್ಟಿಕಾಳಗವಾಗುವುದನ್ನೂ ನಮ್ಮ ಜಿಲ್ಲೆ ಚೆನ್ನಾಗಿ ಬಲ್ಲದು. ನಿಪ್ಪಾಣಿಯ ಇತಿಹಾಸವೇ ಇದಕ್ಕೆ ಕನ್ನಡಿ. 1981ರಲ್ಲಿ ಹೊಗೆಸೊಪ್ಪಿಗೆ ನ್ಯಾಯವಾದ ಬೆಲೆ ಬೇಕೆಂದು ರೈತರು ಹೆದ್ದಾರಿಯಲ್ಲಿ ಕುಳಿತರು. ಪೋಲೀಸರ ಗುಂಡಿಗೆ ಪ್ರಾಣ ತೆತ್ತರು. ಆ ಚಳವಳಿಯನ್ನು ನಾಡು ನೆನೆಯುತ್ತದೆ. ಆದರೆ ಅದೇ ಸೊಪ್ಪನ್ನು ವಖಾರಗಳಲ್ಲಿ ಕುಟ್ಟಿ ಸೋಸುತ್ತಿದ್ದ, ಮನೆಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದ ಹೆಣ್ಣುಮಕ್ಕಳು ತಮ್ಮ ಕೂಲಿಗಾಗಿ ಬೇರೆಯೇ ಸಂಘಟಿತರಾಗಬೇಕಾಯಿತು. ಒಂದೇ ಬೆಳೆ, ಒಂದೇ ಸೀಮೆ, ಬೇಡಿಕೆಗಳು ಎರಡು. ಆದ್ದರಿಂದ ಸ್ಥಳೀಯರ ಮುಂದಾಳುತನವೆಂಬುದು ತಾನಾಗಿಯೇ ಪವಿತ್ರವಾದುದಲ್ಲ. ಕೆಳಗೇರಿಯ ಮಾತು, ಹೆಂಗಸರ ಮಾತು, ಹೊಲವಿಲ್ಲದವನ ಮಾತು ಕಟ್ಟೆಯ ಮೇಲೆ ಕೇಳಿಸಿದಾಗ ಮಾತ್ರ ಅದು ಊರಿನ ಮಾತಾಗುತ್ತದೆ.

ಈ ದೋಷಕ್ಕೆ ಮದ್ದು ಅಧಿಕಾರವನ್ನು ಮತ್ತೆ ಮೇಲಕ್ಕೆ ಒಯ್ಯುವುದಲ್ಲ. ಕೆಳಗೆ ಇನ್ನಷ್ಟು ಬಾಗಿಲುಗಳನ್ನು ತೆರೆಯುವುದು. ಕರ್ನಾಟಕ ಈ ದಾರಿಯಲ್ಲಿ ದೇಶಕ್ಕೆ ಮುಂದಾಗಿತ್ತೆಂಬುದು ಹೆಮ್ಮೆಯ ವಿಷಯ. ಅಬ್ದುಲ್ ನಜೀರ್ ಸಾಬರ ಪ್ರಯತ್ನದಿಂದ ಬಂದ 1983ರ ಕಾನೂನು ಮಹಿಳೆಯರಿಗೆ ನಾಲ್ಕನೆಯ ಒಂದು ಪಾಲನ್ನು ಮೀಸಲಿಟ್ಟಿತು. 1987ರಲ್ಲಿ ಚುನಾವಣೆಗಳಾಗಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳು ನಿಜವಾದ ಅಧಿಕಾರವನ್ನು ಕಂಡವು. ಸಂವಿಧಾನದ 73ನೆಯ ತಿದ್ದುಪಡಿಯ ಬೆನ್ನಿಗೇ 1993ರ ಕಾನೂನು ಬಂತು. 2010ರಲ್ಲಿ ಮಹಿಳಾ ಮೀಸಲು ಅರ್ಧಕ್ಕೇರಿತು. ಇಷ್ಟೆಲ್ಲ ಆದ ಮೇಲೂ ತಾಲೂಕು, ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದಾಗ ಸಕಾಲಕ್ಕೆ ಚುನಾವಣೆ ನಡೆಯಲಿಲ್ಲ. ವರ್ಷಗಳ ಕಾಲ ಅವು ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಬಾಗಿಲನ್ನು ಒಡೆದುಹಾಕಲಿಲ್ಲ, ಬೀಗ ಹಾಕಿದರು. ಇದನ್ನು ಕಂಡೂ ನಾಡು ಅಷ್ಟಾಗಿ ಕಸಿವಿಸಿಪಡಲಿಲ್ಲವೆಂಬುದೇ ನನಗೆ ಹೆಚ್ಚಿನ ಚಿಂತೆಯ ವಿಷಯವಾಗಿದೆ.

ಹಳ್ಳಿಗೆ ನೆರವಾಗಬೇಕೆನ್ನುವವರು, ಸರಕಾರವಾಗಲಿ, ದಾನಿಗಳಾಗಲಿ, ಕಾಲೇಜಿನ ತರುಣರಾಗಲಿ, ಮೂರು ಸಂಗತಿಗಳನ್ನು ಮನಸ್ಸಿನಲ್ಲಿಡುವುದು ಒಳಿತು. ಮೊದಲನೆಯದು, ಕೊಡುವ ಮುನ್ನ ಕೇಳುವುದು. ಅದೂ ಗೌಡರ ಪಡಸಾಲೆಯಲ್ಲಲ್ಲ, ಗ್ರಾಮಸಭೆಯಲ್ಲಿ. ಎರಡನೆಯದು, ಹಣದಲ್ಲಿ ಒಂದು ಭಾಗವನ್ನಾದರೂ ಶರತ್ತಿಲ್ಲದೆ ಊರಿನ ವಿವೇಕಕ್ಕೆ ಬಿಡುವುದು, ಮತ್ತು ಅದರ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಬರೆಸುವುದು. ಗಡಿಯ ಊರುಗಳಲ್ಲಿ ಆ ಲೆಕ್ಕ ಎರಡೂ ಭಾಷೆಗಳಲ್ಲಿದ್ದರೆ ಯಾರ ಅಭಿಮಾನಕ್ಕೂ ಕುಂದಿಲ್ಲ. ಮೂರನೆಯದು ತಾಳ್ಮೆ. ಕಟ್ಟಡವನ್ನು ಒಂದು ಬೇಸಿಗೆಯಲ್ಲಿ ಎಬ್ಬಿಸಬಹುದು. ಕೂಡಿ ನಿರ್ಣಯಿಸುವ ರೂಢಿಯನ್ನು ಒಂದು ಬೇಸಿಗೆಯಲ್ಲಿ ಎಬ್ಬಿಸಲು ಬಾರದು. ಮಾರ್ಚ್ ತಿಂಗಳು ಮುಗಿಯುವುದರೊಳಗೆ ಖರ್ಚು ತೋರಿಸಬೇಕೆಂಬ ಆತುರ ಎಷ್ಟೋ ಒಳ್ಳೆಯ ಕೆಲಸಗಳನ್ನು ಕೊಂದಿದೆ.

ದೂಧಗಂಗೆಗೆ ಮಹಾಪೂರ ಮತ್ತೆ ಬಾರದೆಂದು ಯಾರೂ ಭರವಸೆ ಕೊಡಲಾರರು. ಆಗ ಅಕ್ಕಿಯ ಚೀಲಗಳು, ಕಂಬಳಿಗಳು, ಮಂತ್ರಿಗಳ ಮೋಟಾರುಗಳು ಬಂದೇ ಬರುತ್ತವೆ, ಬರಲಿ. ಆದರೆ ನೀರು ಬರುವ ಮೊದಲೇ, ಬಿಸಿಲಿನ ದಿನಗಳಲ್ಲಿ, ಯಾವ ಓಣಿ ಎಲ್ಲಿಗೆ ಏಳಬೇಕು, ದನಗಳನ್ನು ಎಲ್ಲಿ ಕಟ್ಟಬೇಕು, ಬಾಣಂತಿಯರನ್ನೂ ಮುದುಕರನ್ನೂ ಯಾರು ಕರೆದೊಯ್ಯಬೇಕು ಎಂಬುದನ್ನು ಊರು ಕುಳಿತು ಗೊತ್ತುಮಾಡಿಕೊಂಡಿದ್ದರೆ, ಹೊರಗಿನಿಂದ ಬಂದ ಪ್ರತಿಯೊಂದು ಚೀಲವೂ ತಲುಪಬೇಕಾದ ಮನೆಯನ್ನು ತಲುಪುತ್ತದೆ. ಹಾಗೆ ಗೊತ್ತುಮಾಡಿಕೊಂಡ ಹಳ್ಳಿಯನ್ನು ಯಾರೂ ಉದ್ಧರಿಸಬೇಕಾಗಿಲ್ಲ. ಅದಕ್ಕೆ ಬೇಕಾದುದು ಒಳ್ಳೆಯ ನೆರೆಹೊರೆ ಮಾತ್ರ.